ಮದುವೆಮನೆಯ ಕೈಕೆಲಸ ಮತ್ತು ನಗೆಯಾಟ

ಬಾಸಿಂಗವೆಂದರೆ ಮದುವೆಯ ಹೊತ್ತಿನಲ್ಲಿ ವಧೂವರರ ಹಣೆಗೆ ಕಟ್ಟುವ ಒಡವೆ. ಚಿನ್ನವಲ್ಲ, ಬೆಳ್ಳಿಯಲ್ಲ, ಬೆಂಡು, ಕಾಗದ, ಜರಿ, ಮಣಿ, ದಾರಗಳಿಂದ ಕೈಯಲ್ಲೇ ಮಾಡಿದ್ದು. ಆಯುಷ್ಯ ಒಂದೆರಡು ದಿನದ್ದು. ಹಾಗಿದ್ದರೂ ಕನ್ನಡನಾಡಿನ ಮದುವೆಯನ್ನು ದೂರದಿಂದಲೇ ಗುರುತಿಸುವಂತೆ ಮಾಡುವ ಚಿಹ್ನೆ ಇದೇ. ಮಾಂಗಲ್ಯವು ವಧುವಿಗೆ ಮಾತ್ರ, ಬಾಸಿಂಗ ಇಬ್ಬರಿಗೂ. ದೇವರ ಕಲ್ಯಾಣೋತ್ಸವದಲ್ಲಿ ಉತ್ಸವಮೂರ್ತಿಗಳಿಗೂ ಇದನ್ನು ಕಟ್ಟುವುದುಂಟು.

ಪದ ಹಳೆಯದು. ಹಳಗನ್ನಡ ಕಾವ್ಯಗಳಲ್ಲಿ ಬಾಸಿಗ ಎಂದರೆ ತಲೆಗೆ ಸುತ್ತುವ ಹೂಮಾಲೆ. ಆ ಬಾಸಿಗವೇ ಮೂಗುದನಿ ಪಡೆದು ಬಾಸಿಂಗವಾಯಿತು. ಹೂವಿನದಾಗಿದ್ದ ವಸ್ತು ಹೂವನ್ನು ಅನುಕರಿಸುವ ಬೆಂಡಿನದಾಯಿತು. ತೆಲುಗರಲ್ಲಿ ಇದು ಬಾಸಿಕ, ಮರಾಠಿಗರಲ್ಲಿ ಬಾಶಿಂಗ. ಮದುವೆಗೆ ವಿಪರೀತ ಆತುರಪಡುವವನನ್ನು ಮರಾಠಿಯಲ್ಲಿ ‘ಮೊಣಕಾಲಿಗೆ ಬಾಶಿಂಗ ಕಟ್ಟಿಕೊಂಡವನು’ ಎನ್ನುತ್ತಾರೆ. ಕನ್ನಡದೊಳಗೇ ದಂಡೆ, ತೊಂಡಲು ಎಂಬ ಹೆಸರುಗಳಿವೆ. ಊರಿಂದೂರಿಗೆ, ಜಾತಿಯಿಂದ ಜಾತಿಗೆ ಆಕಾರ ಬದಲಾಗುತ್ತದೆ. ಒಂದು ಕಡೆ ಹಣೆಯ ಮೇಲೆ ಕೂರುವ ಪುಟ್ಟ ಪಟ್ಟಿಯಾದರೆ ಇನ್ನೊಂದು ಕಡೆ ಕಿರೀಟದಂತೆ ಮೇಲೆದ್ದು, ಕಪೋಲದವರೆಗೆ ಎಳೆ ಇಳಿಬಿಡುವಷ್ಟು ದೊಡ್ಡದು.

ಮಲೆನಾಡಿನಲ್ಲಿ ಈ ಕಸುಬು ಗುಡಿಗಾರರದು. ಸಾಗರ, ಸೊರಬ, ಸಿದ್ದಾಪುರ, ಶಿರಸಿ, ಕುಮಟಾ ಕಡೆಯ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಅದೇ ಮನೆಗಳಲ್ಲಿ ಬೆಂಡಿನ ಕೆಲಸವೂ ನಡೆಯುತ್ತಿತ್ತು. ಅದರಲ್ಲಿ ಹೆಂಗಸರ ಕೈ ದೊಡ್ಡದು. ಗಂಧದ ಪೆಟ್ಟಿಗೆ ಅರಮನೆಗೆ, ಪ್ರದರ್ಶನಗಳಿಗೆ ಹೋಗಿ ಬಹುಮಾನ ಪಡೆಯಿತು. ಬಾಸಿಂಗ ಮಾತ್ರ ನೆರೆಯೂರಿನ ಮದುವೆಮನೆಗೆ ಹೋಗಿ ಅಲ್ಲೇ ಉಳಿಯಿತು. ಕಲೆಯ ಇತಿಹಾಸ ಬರೆದವರು ಮೊದಲನೆಯದನ್ನು ಹೊಗಳಿದಷ್ಟು ಎರಡನೆಯದನ್ನು ಗಮನಿಸಲಿಲ್ಲ ಎಂಬುದು ದೊಡ್ಡ ಕೊರತೆ. ಬಯಲುಸೀಮೆಯಲ್ಲಿ ಚಿತ್ರಗಾರರು, ಹೂಗಾರರು ಬಾಸಿಂಗ ಒದಗಿಸುತ್ತಿದ್ದರು.

ಬೆಂಡಿನ ಗಿಡ ಬೆಳೆಯುವುದು ಕೆರೆಯಂಗಳದಲ್ಲಿ, ನೀರು ನಿಲ್ಲುವ ಜೌಗಿನಲ್ಲಿ. ಅದನ್ನು ಕಿತ್ತು ಒಣಗಿಸಿ, ಮೇಲಿನ ಕಂದು ಸಿಪ್ಪೆಯನ್ನು ತೆಗೆದರೆ ಒಳಗೆ ಹಾಲಿನಂತೆ ಬಿಳಿಯಾದ, ತೂಕವೇ ಇಲ್ಲದ ತಿರುಳು ಸಿಗುತ್ತದೆ. ಹರಿತವಾದ ತೆಳು ಚೂರಿಯಿಂದ ಅದನ್ನು ಸುತ್ತಲೂ ಹೆರೆದರೆ ಕಾಗದದಂಥ ಹಾಳೆ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಈ ಹಾಳೆಯನ್ನೇ ಕತ್ತರಿಸಿ, ಮಡಿಸಿ, ದಾರ ಬಿಗಿದು ಮಲ್ಲಿಗೆ, ಸೇವಂತಿಗೆ, ಕಮಲ, ಮೊಗ್ಗು, ಗಿಳಿಗಳನ್ನು ಮಾಡುತ್ತಾರೆ. ಅಂಚಿಗೆ ಬಣ್ಣ ತಾಗಿಸಿ, ರಟ್ಟಿನ ಅಥವಾ ಬಿದಿರಿನ ಚೌಕಟ್ಟಿಗೆ ಅಂಟಿಸಿ, ನಡುನಡುವೆ ಜರಿ ಕಾಗದವನ್ನೋ ಕನ್ನಡಿಯ ಚೂರನ್ನೋ ಕೂರಿಸುತ್ತಾರೆ. ಬೆಂಡನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹೋಮದ ಹೊಗೆ, ಚಪ್ಪರದ ಸೆಕೆಗಳ ನಡುವೆ ತಾಸುಗಟ್ಟಲೆ ಹಣೆಯ ಮೇಲೆ ಇರಬೇಕಾದ ವಸ್ತು ಭಾರವಾಗಬಾರದು, ಬೆವರಿಗೆ ಬಾಡಲೂಬಾರದು. ಹೂವು ಮಧ್ಯಾಹ್ನದ ಹೊತ್ತಿಗೆ ಸೊರಗುತ್ತದೆ, ಲೋಹ ಕೊರೆಯುತ್ತದೆ. ಬೆಂಡಿಗೆ ಈ ಎರಡು ದೋಷಗಳೂ ಇಲ್ಲ.

ಇದೇ ಸಾಗರ, ಸೊರಬ, ಸಿದ್ದಾಪುರ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಒಡವೆಯಷ್ಟೇ ಮುಖ್ಯವಾದದ್ದು ಗೋಡೆ. ವಧೂವರರು ಕೂರುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಬಿಡಿಸುವ ಚಿತ್ರವೇ ಹಸೆಗೋಡೆ ಚಿತ್ತಾರ. ಬರೆಯುವವಳು ಚಿತ್ತಾರಗಿತ್ತಿ. ಅಕ್ಕಿಯನ್ನು ಅರೆದರೆ ಬಿಳಿ, ಅದೇ ಅಕ್ಕಿಯನ್ನು ಕರಿಕಾಗುವಂತೆ ಹುರಿದು ಅರೆದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಮಣ್ಣಿನಿಂದ ಕೆಂಪು: ಇಷ್ಟೇ ಬಣ್ಣ. ಕುಂಚ ಪುಂಡಿ ನಾರಿನದು. ಗೆರೆಗಳು ನೇರ, ಲೆಕ್ಕಾಚಾರದ್ದು. ಎಳೆಯ ಪಕ್ಕದಲ್ಲಿ ಎಳೆ ಬಂದು ಚೌಕ, ಚೌಕದೊಳಗೆ ಚೌಕ. ನಡುವೆ ದಂಡಿಗೆಯಲ್ಲಿ ಕುಳಿತ ಗಂಡುಹೆಣ್ಣು, ಹೊತ್ತವರು, ಹಕ್ಕಿ, ಭತ್ತದ ತೆನೆ. ಬಾಸಿಂಗವೂ ಚಿತ್ತಾರದಲ್ಲಿ ಒಂದು ಆಕೃತಿಯಾಗಿ ಬರುತ್ತದೆ. ಬರೆಯುವಾಗ ಹಾಡು ಇದ್ದೇ ಇರುತ್ತದೆ. ಹಸೆ ಎಂದರೆ ಮೂಲದಲ್ಲಿ ಹಾಸು. ‘ಹಸೆಮಣೆ ಏರುವುದು’ ಎಂದು ಇಡೀ ಕನ್ನಡನಾಡು ಮದುವೆಗೆ ಹೇಳುವ ಮಾತು ಹುಟ್ಟಿದ್ದು ಈ ಆಸನದಿಂದಲೇ.

ಹೂವಿನ ಕಡೆಗೆ ಬಂದರೆ ದಾಖಲೆಗಳು ಹೆಚ್ಚು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಾಲೆಗಳ ಭೋಗಕ್ಕೆ, ಒಡವೆಗಳ ಭೋಗಕ್ಕೆ ಪ್ರತ್ಯೇಕ ಭಾಗಗಳಿವೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಅಲ್ಲಿನ ಜನರಿಗೆ ಗುಲಾಬಿ ಊಟದಷ್ಟೇ ಅಗತ್ಯವೆಂದು ಕಂಡು ಬೆರಗಾದ. ಮದುವೆಯೂ ಸಾಹಿತ್ಯದಲ್ಲಿ ದಾಖಲಾಗಿದೆ: ಹರಿಹರನ ‘ಗಿರಿಜಾಕಲ್ಯಾಣ’, ವಾದಿರಾಜರ ‘ಲಕ್ಷ್ಮೀಶೋಭಾನೆ’ಗಳಂಥ ಕೃತಿಗಳು ದೇವತೆಗಳ ಮದುವೆಯನ್ನೇ ವಸ್ತುವಾಗಿಸಿಕೊಂಡವು. ಎರಡನೆಯದು ಇಂದಿಗೂ ಎಷ್ಟೋ ಮನೆಗಳಲ್ಲಿ ಮದುವೆಯ ಹಾಡು.

ಹಳೆಯ ಮೈಸೂರು ಸೀಮೆಯಲ್ಲಿ ಈ ಹೂವಿನ ಕಲೆಯ ತುತ್ತತುದಿ ಮೊಗ್ಗಿನ ಜಡೆ. ಮಲ್ಲಿಗೆ ಸಂಜೆಗೆ ಅರಳುವ ಹೂ. ಆದ್ದರಿಂದ ಮೊಗ್ಗನ್ನು ಹೊತ್ತೇರುವ ಮುನ್ನ ಬಿಡಿಸಿ, ಬಿರಿಯುವುದರೊಳಗೆ ಪೋಣಿಸಬೇಕು. ಬಾಳೆಪಟ್ಟೆಯನ್ನೋ ರಟ್ಟನ್ನೋ ಜಡೆಯ ಅಗಲಕ್ಕೆ ಕತ್ತರಿಸಿ, ಅದರ ಮೇಲೆ ಒಂದೇ ಅಳತೆಯ ಮೊಗ್ಗುಗಳನ್ನು ಸೂಜಿದಾರದಿಂದ ಸಾಲಾಗಿ ಹೊಲಿಯುತ್ತಾರೆ. ಬಿಳಿಯ ನಡುವೆ ಕನಕಾಂಬರದ ಕೇಸರಿ ಗೆರೆ, ಮರುಗದ ಹಸಿರು, ಜರಿಯ ಮಿಂಚು. ಕೂದಲು ಸಾಲದಿದ್ದರೆ ಚೌರಿ ಸೇರಿಸಿ ಉದ್ದ ಮಾಡಿ, ಮೇಲೆ ರಾಗಟೆ, ಕೆಳಗೆ ಕುಚ್ಚು ಕಟ್ಟುತ್ತಾರೆ. ಜಡೆ ಹೊಲಿಯುವ ಕೆಲಸವನ್ನು ಒಬ್ಬರೇ ಮಾಡುವುದು ಅಪರೂಪ. ಒಬ್ಬರು ಮೊಗ್ಗು ಆರಿಸಿಕೊಡುತ್ತಾರೆ, ಒಬ್ಬರು ಹೊಲಿಯುತ್ತಾರೆ, ಅಜ್ಜಿಯೊಬ್ಬರು ಅಳತೆ ತಪ್ಪಿತೆಂದು ಗದರುತ್ತಾರೆ. ಮದುವೆ, ಸೀಮಂತಗಳಿಗಷ್ಟೇ ಅಲ್ಲ, ಮಲ್ಲಿಗೆಯ ಕಾಲದಲ್ಲಿ ಮನೆಯ ಪುಟ್ಟ ಹುಡುಗಿಯರಿಗೂ ಜಡೆ ಹಾಕಿಸಿ ಸ್ಟುಡಿಯೋಗೆ ಕರೆದೊಯ್ಯುವ ರೂಢಿ ಬೆಳೆಯಿತು. ಮುಖವೂ ಜಡೆಯೂ ಒಂದೇ ಚಿತ್ರದಲ್ಲಿ ಕಾಣಬೇಕೆಂದು ಫೋಟೋದವರು ಹುಡುಗಿಯ ಹಿಂದೆ ನಿಲುವುಗನ್ನಡಿ ಇಡುತ್ತಿದ್ದರು. ಕಪ್ಪುಬಿಳುಪಿನ ಆ ಚಿತ್ರಗಳು ಒಮ್ಮೆ ಬಾಡಿದ್ದ ಈ ಕಲೆಗೆ ಉಳಿದಿರುವ ಅತ್ಯುತ್ತಮ ಸಾಕ್ಷಿ.

ಮಲ್ಲಿಗೆಯಲ್ಲಿಯೂ ಸೀಮೆಯ ಹೆಮ್ಮೆ ಇದೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಉಡುಪಿ ಮಲ್ಲಿಗೆಯನ್ನು ಅದು ಬೆಳೆಯುವ ಊರಿನಿಂದ ಶಂಕರಪುರ ಮಲ್ಲಿಗೆ ಎಂದೂ ಕರೆಯುತ್ತಾರೆ. ಅದನ್ನು ಬಾಳೆನಾರಿನಲ್ಲಿ ಕಟ್ಟಿ, ಎಣಿಸಿ ಮಾರುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ಕಾಲದಲ್ಲಿ ಅಟ್ಟೆಯ ಬೆಲೆ ಏರಿದ್ದು ಕರಾವಳಿಯ ಪತ್ರಿಕೆಗಳಿಗೆ ಸುದ್ದಿ.

ಹಳೆಯ ಮೈಸೂರಿನ ಮದುವೆಯಲ್ಲಿ ಕೈಕೆಲಸದ ಇನ್ನೊಂದು ವಸ್ತು ಪಟ್ಟದ ಗೊಂಬೆ. ಮರದಲ್ಲಿ ಕೆತ್ತಿದ ರಾಜರಾಣಿಯರ ಜೋಡಿಗೆ ಬಟ್ಟೆ ಉಡಿಸಿ, ಮಣಿ ಪೋಣಿಸಿ, ತವರಿನವರು ಮಗಳಿಗೆ ಕೊಡುತ್ತಾರೆ. ಪ್ರತಿ ದಸರೆಗೆ ಅವಳು ಅದನ್ನು ಹೊಸ ಮನೆಯಲ್ಲಿ ಕೂರಿಸುತ್ತಾಳೆ. ಕೆತ್ತಿದ ಕೊಬ್ಬರಿ ಬಟ್ಟಲು, ಸಕ್ಕರೆ ಅಚ್ಚು, ಮಣಿ ಹೊದಿಸಿದ ತೆಂಗಿನಕಾಯಿ, ಚಿತ್ರ ಬರೆದ ಆರತಿ ತಟ್ಟೆ ಇವೆಲ್ಲ ಹೆಣ್ಣಿನ ಮನೆಯವರು ತಿಂಗಳುಗಟ್ಟಲೆ ಕುಳಿತು ಮಾಡುತ್ತಿದ್ದ ಕೆಲಸ.

ಇಷ್ಟೆಲ್ಲ ಶೃಂಗಾರ ಮಾಡಿಕೊಂಡ ವಧೂವರರನ್ನು ಕೂರಿಸಿ ನಗಿಸುವ ಶಾಸ್ತ್ರವೇ ಉರುಟಣೆ. ಧಾರೆಯ ಗಾಂಭೀರ್ಯ ಮುಗಿದ ಮೇಲೆ ಹೆಂಗಸರು ಸೇರಿ ನಡೆಸುವ ಇದರಲ್ಲಿ ಪುರೋಹಿತರಿಗೆ ಕೆಲಸವಿಲ್ಲ. ಒಬ್ಬರಿಗೊಬ್ಬರು ಅರಿಶಿನ, ಕುಂಕುಮ, ಗಂಧ ಹಚ್ಚಬೇಕು. ಹೂವಿನ ಚೆಂಡು ಎಸೆದಾಡಬೇಕು. ಓಕುಳಿ ನೀರಿನ ಪಾತ್ರೆಯಲ್ಲಿ ಬಿದ್ದ ಉಂಗುರವನ್ನು ಪೈಪೋಟಿಯಲ್ಲಿ ಹುಡುಕಬೇಕು. ಪ್ರತಿ ಹೆಜ್ಜೆಗೂ ಹಾಡು. ವರ ಹಣೆ ತೋರಿಸದೆ ಮುಖ ತಿರುಗಿಸಿದರೆ ಅದಕ್ಕೊಂದು ಹಾಡು, ವಧು ನಾಚಿ ಕೈ ಹಿಂದೆಳೆದರೆ ಅದಕ್ಕೂ ಒಂದು. ಭೂಮದೂಟದಲ್ಲಿ ಒಂದೇ ಎಲೆಯಿಂದ ತುತ್ತು ತಿನಿಸುವಾಗಲೂ ಇದೇ ಗಲಾಟೆ.

ಇದರ ನಡುವಿನ ರತ್ನ ಒಡಪು. ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಾಲದಲ್ಲಿ, ಹೇಳಲೇಬೇಕಾದ ಅಪರೂಪದ ಸಂದರ್ಭ ಇದು. ಮೊದಲ ಸಾಲುಗಳಲ್ಲಿ ತವರು, ತುಳಸಿಕಟ್ಟೆ, ಹೊಳೆ, ಬುಟ್ಟಿ, ಬೆಲ್ಲ ಹೀಗೆ ಯಾವುದಾದರೂ ಬರಬಹುದು. ಕೊನೆಯ ಸಾಲಿನಲ್ಲಿ ಪ್ರಾಸ ಕೂಡಿ ಹೆಸರು ಬಂದು ಬೀಳಬೇಕು. ದಕ್ಷಿಣದಲ್ಲಿ ಇದನ್ನೇ ಒಗಟು ಹೇಳುವುದು ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಒಡಪು ಹೇಳದೆ ಹೊಸಿಲು ದಾಟಲು ಬಿಡದ ಮನೆಗಳಿದ್ದವು. ಗಂಡಿಗೂ ಬಿಡುಗಡೆ ಇಲ್ಲ, ಅವನೂ ಹೇಳಬೇಕು. ಪ್ರತಿ ಜೋಡಿಯ ಹೆಸರೂ ಬೇರೆಯಾದ್ದರಿಂದ ಪ್ರತಿ ಮದುವೆಗೂ ಒಂದಾದರೂ ಹೊಸ ಪದ್ಯ ಹುಟ್ಟುತ್ತಿತ್ತು. ಅಕ್ಷರ ಬಾರದ ಹೆಂಗಸರು ಆಶುಕವಿಗಳಾಗಿದ್ದ ಜಾಗ ಇದು. ಕನ್ನಡ ಜಾನಪದ ಸಂಗ್ರಹಗಳಲ್ಲಿ ಒಡಪುಗಳಿಗೆ ದೊಡ್ಡ ಪಾಲು ಸಿಕ್ಕಿರುವುದು ನ್ಯಾಯವಾದದ್ದೇ.

ಬೀಗರ ಹಾಡು ಇನ್ನೂ ಒಂದು ಹೆಜ್ಜೆ ಮುಂದೆ. ಊಟಕ್ಕೆ ಕುಳಿತ ಗಂಡಿನ ಕಡೆಯವರನ್ನು ಅವರ ಹೊಟ್ಟೆ, ಪೇಟ, ಜಿಪುಣತನ, ಬೀಗಿತ್ತಿಯ ಬಿಂಕ ಯಾವುದನ್ನೂ ಬಿಡದೆ ಹಾಡಿನಲ್ಲಿ ಛೇಡಿಸುವ ಹಕ್ಕು ಹೆಣ್ಣಿನ ಕಡೆಯವರಿಗಿತ್ತು. ಗಂಡಿನ ಕಡೆಯವರೂ ಹಾಡಿನಲ್ಲೇ ಉತ್ತರ ಕೊಡುತ್ತಿದ್ದರು. ವರದಕ್ಷಿಣೆ, ವರೋಪಚಾರ ಎಂದು ತಲೆಬಾಗಿಯೇ ಇರಬೇಕಾಗಿದ್ದ ಹೆಣ್ಣಿನವರಿಗೆ ತಲೆಯೆತ್ತಿ ಮಾತಾಡಲು ಸಿಗುತ್ತಿದ್ದ ಅವಕಾಶವೆಂದರೆ ಇದೊಂದೇ.

ಈ ಆಟಗಳು ಹುಟ್ಟಿದ ಹಿನ್ನೆಲೆಯನ್ನು ಮರೆಯುವಂತಿಲ್ಲ. ಅನೇಕ ಜಾತಿಗಳಲ್ಲಿ ವಧು ಎಳೆಯ ಬಾಲೆಯಾಗಿರುತ್ತಿದ್ದಳು, ವರನೂ ಹುಡುಗನೇ. ಮದುವೆ ಐದು ದಿನದ್ದು. ಒಬ್ಬರನ್ನೊಬ್ಬರು ಅರಿಯದ ಎರಡು ಮಕ್ಕಳ ಭಯ ಕಳೆಯಲು ಚೆಂಡಾಟ, ಓಕುಳಿಗಳು ನಿಜಕ್ಕೂ ಬೇಕಾಗಿದ್ದವು. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯರ ಮದುವೆಯನ್ನು ಕಾನೂನಿನಿಂದ ನಿಷೇಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆ ಹುಡುಗಿಗೆ 14, ಹುಡುಗನಿಗೆ 18 ವರ್ಷದ ಮಿತಿ ಹಾಕಿತು; 1978ರಲ್ಲಿ ಅದು 18 ಮತ್ತು 21ಕ್ಕೆ ಏರಿತು. ವಧೂವರರು ಬೆಳೆದವರಾದ ಮೇಲೆ ಉರುಟಣೆಯ ಹಳೆಯ ಉದ್ದೇಶ ಹೋಯಿತು, ಸಂತೋಷ ಉಳಿಯಿತು. ಬಾಲ್ಯವಿವಾಹ ಕಡಿಮೆಯಾಗಿ ಅದರ ಆಟಗಳು ಉಳಿದದ್ದು ಕನ್ನಡ ಸಮಾಜ ಮಾಡಿಕೊಂಡ ಒಳ್ಳೆಯ ಆಯ್ಕೆ.

ಮದುವೆಯ ಐದು ದಿನ ಎರಡಾಗಿ, ಎರಡು ಒಂದೂವರೆಯಾಯಿತು. ಮನೆಯಂಗಳದ ಹಸಿರು ಚಪ್ಪರದಿಂದ ಮದುವೆ ಛತ್ರಕ್ಕೆ, ಛತ್ರದಿಂದ ಕಲ್ಯಾಣ ಮಂಟಪಕ್ಕೆ ಹೋಯಿತು. ಮಂಟಪದ ಗೋಡೆಗೆ ಕೆಮ್ಮಣ್ಣು ಬಳಿಯಲು ಯಾರೂ ಬಿಡುವುದಿಲ್ಲ. ಬೆಂಡಿನ ಜಾಗಕ್ಕೆ ಥರ್ಮೋಕೋಲು, ಪ್ಲಾಸ್ಟಿಕ್ ಮುತ್ತು ಬಂದವು. ಕೆರೆಗಳು ಹೂಳು ತುಂಬಿದಂತೆ ಬೆಂಡಿನ ಗಿಡವೂ ಸಿಗದಾಯಿತು. ಬಾಸಿಂಗ ಹಾರ್ಡ್‌ಬೋರ್ಡ್ ಪೆಟ್ಟಿಗೆಯಲ್ಲಿ ಗ್ರಂಥಿಗೆ ಅಂಗಡಿಯ ಸಾಮಾನಿನ ಜೊತೆ ಬರತೊಡಗಿತು. ಮದುವೆಯ ಹಾಡಿನ ಜಾಗವನ್ನು ಧ್ವನಿವರ್ಧಕ ಆಕ್ರಮಿಸಿತು.

ಮದುವೆಯ ಈ ಅಬ್ಬರಕ್ಕೆ ಬೇರೊಂದು ದಿಕ್ಕಿನಿಂದ ಬಂದ ಉತ್ತರ ಕುವೆಂಪು ಅವರ ‘ಮಂತ್ರ ಮಾಂಗಲ್ಯ’ ಎಂಬ ಸರಳ ಮದುವೆಯ ಕ್ರಮ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆಯನ್ನು ಕುವೆಂಪು ಈ ಕ್ರಮದಲ್ಲೇ ನಡೆಸಿದರು. ಮುಹೂರ್ತವಿಲ್ಲ, ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ವಾಲಗದ ಅಬ್ಬರವಿಲ್ಲ. ಹತ್ತಿರದವರ ಮುಂದೆ ವಧೂವರರು ತಮಗೆ ಅರ್ಥವಾಗುವ ಕನ್ನಡದಲ್ಲಿ ಪ್ರತಿಜ್ಞೆ ಓದುತ್ತಾರೆ. ಆಡಂಬರವನ್ನು ಕಳೆದದ್ದು ಇದರ ಹಿರಿಮೆ. ಮಂತ್ರ ಮಾಂಗಲ್ಯದ ಎಷ್ಟೋ ಮದುವೆಗಳಲ್ಲಿ ಗೆಳೆಯರೇ ಹೂ ಕಟ್ಟಿದರು, ಗೆಳೆಯರೇ ಹಾಡಿದರು. ಅಂದರೆ ಶಾಸ್ತ್ರ ಬಿಟ್ಟವರ ಮನೆಯಲ್ಲೂ ಕೈಕೆಲಸ, ಹಾಡು ಎರಡೂ ಉಳಿದುಕೊಂಡವು.

ಈಚಿನ ವರ್ಷಗಳಲ್ಲಿ ಮೊಗ್ಗಿನ ಜಡೆ ಮತ್ತೆ ಕಾಣುತ್ತಿದೆ. ಮೈಸೂರು, ಬೆಂಗಳೂರುಗಳಲ್ಲಿ ಹೆಂಗಸರು ಮನೆಯಲ್ಲೇ ಹೊಲಿದು ಮದುವೆಮನೆಗೆ ತಲುಪಿಸುತ್ತಾರೆ. ವಧುವಿನ ಸೀರೆಯ ಬಣ್ಣ ಕೇಳಿಕೊಂಡು, ಗುಲಾಬಿ ಎಸಳು ಸೇರಿಸಿ ಹೊಸ ವಿನ್ಯಾಸ ಹೂಡುತ್ತಾರೆ. ಹಸೆ ಚಿತ್ತಾರ ಗೋಡೆಯಿಂದ ಕಾಗದ, ಬಟ್ಟೆಗಳಿಗೆ ಇಳಿದು ಲಗ್ನಪತ್ರಿಕೆಯ ಅಂಚಿಗೂ ಬಂದಿದೆ. ಬೆಂಡಿನ ಬಾಸಿಂಗ ಮಾಡುವ ಕೆಲವು ಕೈಗಳು ಸಾಗರ, ಶಿರಸಿ ಕಡೆ ಇನ್ನೂ ಇವೆ. ಅದು ಸಿದ್ಧವಾಗಿ ಅಂಗಡಿಯಲ್ಲಿ ತೂಗುಹಾಕಿರುವ ವಸ್ತುವಲ್ಲ; ಬೇಕಾದವರು ಲಗ್ನ ನಿಶ್ಚಯವಾದ ಕೂಡಲೇ ಹೋಗಿ, ಹೇಳಿ ಮಾಡಿಸಿಕೊಳ್ಳಬೇಕು.