ಬಿದಿಗೆಯ ರಾತ್ರಿಯ ಉಲ್ಕೆಗಳು

ನಮ್ಮ ತಾತನವರು ತೀರಿಕೊಂಡದ್ದು ಪರಾಭವ ಸಂವತ್ಸರದ ಮಾರ್ಗಶಿರ ಶುದ್ಧ ಬಿದಿಗೆಯಂದು. ಇಂಗ್ಲಿಷ್ ತಾರೀಖಿನಲ್ಲಿ ಹೇಳುವುದಾದರೆ 1966ನೆಯ ಇಸವಿ ಡಿಸೆಂಬರ್ 13 ಕಳೆದು 14 ಹುಟ್ಟುವ ಬೆಳಗಿನ ಜಾವ. ಆಗ ನನಗೆ ಎಂಟು ವರ್ಷ. ಜಯನಗರದ ಮೂರನೆಯ ಬ್ಲಾಕಿನಲ್ಲಿ ನಮ್ಮ ಮನೆ ಎದ್ದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಬಡಾವಣೆಗೆ 1948ರಲ್ಲಿಯೇ ಅಸ್ತಿಭಾರ ಬಿದ್ದಿದ್ದರೂ ನಮ್ಮ ಹಿತ್ತಿಲಿನಾಚೆ ಖಾಲಿ ನಿವೇಶನಗಳು, ಅವುಗಳಾಚೆ ಕತ್ತಲೆ. ನಡುಮನೆಯಲ್ಲಿ ತಾತನವರ ಮಂಚದ ಸುತ್ತ ಹಿರಿಯರು ಕುಳಿತಿದ್ದರು. ನಿದ್ದೆಗಣ್ಣಿನಲ್ಲಿ ಹಿತ್ತಿಲಿಗೆ ಹೋದ ನಾನು ತಲೆಯೆತ್ತಿದಾಗ ಒಂದು ಚುಕ್ಕಿ ಜಾರಿ ಬಿದ್ದಿತು. ನೋಡುತ್ತಿದ್ದಂತೆ ಇನ್ನೊಂದು, ಸ್ವಲ್ಪ ಹೊತ್ತಿಗೆ ಮತ್ತೊಂದು. ಒಳಗೆ ಓಡಿಬಂದು ಅಮ್ಮನಿಗೆ ಹೇಳಿದೆ. ಆಕೆ ನನ್ನ ಬಾಯಿಯ ಮೇಲೆ ಕೈಯಿಟ್ಟು, “ಯಾರಿಗೂ ಹೇಳಬೇಡ” ಎಂದರು. ಬೆಳಕು ಹರಿಯುವುದರೊಳಗೆ ತಾತನವರು ಹೋದರು.

ಚುಕ್ಕಿ ಬಿದ್ದರೆ ಒಂದು ಜೀವ ಹೋಯಿತೆಂದು ಮನೆಯಲ್ಲಿ ಕೇಳಿ ಬೆಳೆದವನು ನಾನು. ನನ್ನ ಲೆಕ್ಕ ಮಕ್ಕಳ ಲೆಕ್ಕ: ಬಿದ್ದದ್ದು ಮೂರು, ಹೋದದ್ದು ಒಂದು; ಉಳಿದೆರಡು ಯಾರವು? ವೈಕುಂಠ ಸಮಾರಾಧನೆ ಮುಗಿಯುವವರೆಗೂ ಮನೆಮಂದಿಯ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಹೇಳಬೇಡವೆಂದ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಅದು ಬಹುಕಾಲ ಒಳಗೇ ಇತ್ತು.

ಮುಂದೆ ಕನ್ನಡ ಎಂ.ಎ. ಓದಿ, ಅದನ್ನೇ ಪಾಠ ಹೇಳುವವನಾದ ಮೇಲೆ ಈ ಭಯದ ವಂಶಾವಳಿಯನ್ನು ಹುಡುಕುವ ಚಪಲ ಬಂದಿತು. ಉಲ್ಕೆಯೆಂದರೆ ಸಂಸ್ಕೃತದಲ್ಲಿ ಉರಿಯುವ ಕೊಳ್ಳಿ. ನಮ್ಮ ಕಾವ್ಯಗಳಲ್ಲಿ ಅದು ಕೇಡಿಗೆ ಮುನ್ನ ಬರುವ ಉತ್ಪಾತ. ಮಹಾಭಾರತದ ಭೀಷ್ಮಪರ್ವದ ಮೊದಲಲ್ಲಿ ವ್ಯಾಸರು ಧೃತರಾಷ್ಟ್ರನಿಗೆ ಎಣಿಸಿ ಹೇಳುವ ಅಪಶಕುನಗಳಲ್ಲಿ ಉಲ್ಕೆಗಳೂ ಸೇರಿವೆ. ಅಲ್ಲಿಂದ ಮುಂದಿನ ಕವಿಗಳಿಗೆ ಅದೊಂದು ಸಿದ್ಧ ಸಾಮಗ್ರಿಯಾಯಿತು. ಶಾಸ್ತ್ರದ ಕಡೆಗೆ ತಿರುಗಿದರೆ ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಉಲ್ಕಾಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಧಿಷ್ಣ್ಯ, ಉಲ್ಕೆ, ಅಶನಿ, ವಿದ್ಯುತ್, ತಾರೆ ಎಂದು ಅವನದು ಐದು ಭೇದ. ಇವುಗಳಲ್ಲಿ ತಾರೆ ಒಂದು ಮೊಳ ಉದ್ದ, ಬೆಳ್ಳಗೆ ಅಥವಾ ತಾಮ್ರದ ಬಣ್ಣ, ತಾವರೆಯ ನೂಲಿನ ಹಾಗೆ ಸಪುರ. ಮನೆಯ ಮೇಲೆ ಮಲಗಿ ನಾವು ಇಂದು ನೋಡುವ ಸಾಮಾನ್ಯ ಉಲ್ಕೆಗೆ ಇದಕ್ಕಿಂತ ಒಳ್ಳೆಯ ವರ್ಣನೆಯನ್ನು ನಾನು ಕಂಡಿಲ್ಲ. ನೋಡಿ ಬರೆದವನ ಮಾತು ಅದು.

ಅದೇ ಅಧ್ಯಾಯದ ಮೊದಲ ಶ್ಲೋಕದ ಅಭಿಪ್ರಾಯ ನನ್ನನ್ನು ಬೆಚ್ಚಿಬೀಳಿಸಿತು. ಸ್ವರ್ಗದಲ್ಲಿ ಪುಣ್ಯಫಲವನ್ನು ಉಂಡು ತೀರಿಸಿ ಕೆಳಗೆ ಬೀಳುವವರ ರೂಪಗಳೇ ಉಲ್ಕೆಗಳಂತೆ! ಎಂದರೆ ಬೀಳುವ ಚುಕ್ಕಿ ಹೋಗುತ್ತಿರುವ ಜೀವವಲ್ಲ, ಇಳಿದು ಬರುತ್ತಿರುವ ಜೀವ. ನಮ್ಮ ಮನೆಯ ನಂಬಿಕೆ ಶಾಸ್ತ್ರವನ್ನು ತಲೆಕೆಳಗು ಮಾಡಿಕೊಂಡಿತ್ತು. ಎಂಟು ವರ್ಷದ ಹುಡುಗನಿಗೆ ಇದನ್ನು ಯಾರಾದರೂ ಹೇಳಿದ್ದರೆ ಅವನು ಮೂರು ತೊಟ್ಟಿಲುಗಳನ್ನು ಎದುರುನೋಡುತ್ತಿದ್ದನೇನೋ.

ಕನ್ನಡದಲ್ಲಿಯೂ ಈ ಬಗೆಯ ಗ್ರಂಥಗಳುಂಟು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, 1049ರಲ್ಲಿ ಶ್ರೀಧರಾಚಾರ್ಯ ರಚಿಸಿದ ‘ಜಾತಕತಿಲಕ’, ಸುಮಾರು 1300ರ ರಟ್ಟಕವಿಯ ‘ರಟ್ಟಮತ’. ಮಳೆ, ಸಿಡಿಲು, ಭೂಕಂಪ, ಶಕುನಗಳನ್ನು ಹೇಳುವ ರಟ್ಟಮತ ರೈತನ ಬದುಕಿಗೆ ಹತ್ತಿರವಾದದ್ದು. ಆದರೆ ನಾನು ಇಲ್ಲಿ ನಿಲ್ಲಬೇಕೆಂದಿರುವುದು ಶಾಸನಗಳ ಬಳಿ. ನಮ್ಮ ನಾಡಿನ ಶಾಸನಗಳಲ್ಲಿ ಸೂರ್ಯಗ್ರಹಣ, ಚಂದ್ರಗ್ರಹಣ, ಉತ್ತರಾಯಣ ಸಂಕ್ರಮಣಗಳಂದು ಕೊಟ್ಟ ದಾನಗಳು ಹೇರಳವಾಗಿವೆ. ಆ ಗ್ರಹಣಗಳನ್ನೇ ಹಿಡಿದು ಫ್ಲೀಟ್ ಮೊದಲಾದ ವಿದ್ವಾಂಸರು ರಾಜರ ಕಾಲವನ್ನು ನಿಷ್ಕರ್ಷಿಸಿದರು. ಉಲ್ಕೆಗೆ ಆ ಮರ್ಯಾದೆ ದೊರೆಯಲಿಲ್ಲ. ಗ್ರಹಣವನ್ನು ಗಣಿಸಿ ಮೊದಲೇ ಹೇಳಬಹುದು. ಮಿಂದು, ನೀರೆರೆದು, ಭೂಮಿಯನ್ನು ಧಾರೆ ಕೊಡಬಹುದು. ಉಲ್ಕೆ ಹೇಳದೆ ಬರುತ್ತದೆ. ಸಂಕಲ್ಪ ಮಾಡುವುದರೊಳಗೆ ಆರಿಹೋಗುತ್ತದೆ. ತಿಥಿಯಿಲ್ಲದ್ದಕ್ಕೆ ಪಂಚಾಂಗದಲ್ಲಿ ಜಾಗವಿಲ್ಲ. ಜಾಗವಿಲ್ಲದ್ದಕ್ಕೆ ಭಯ ಅಂಟಿಕೊಳ್ಳುವುದು ಸುಲಭ.

ಉಲ್ಕೆಗೂ ತಾರೀಖು ಉಂಟೆಂದು ತೋರಿಸಿಕೊಟ್ಟವರು ಯಾರು? ದೊಡ್ಡ ದೂರದರ್ಶಕಗಳ ಒಡೆಯರಲ್ಲ. ಬಹುಮಟ್ಟಿಗೆ ನನ್ನ ನಿಮ್ಮಂತೆ ಬರಿಗಣ್ಣಿನಿಂದ ನೋಡಿ ಎಣಿಸಿದವರು. 1798ರಲ್ಲಿ ಜರ್ಮನಿಯ ಗಟಿಂಗನ್ನಿನ ಇಬ್ಬರು ವಿದ್ಯಾರ್ಥಿಗಳು, ಬ್ರಾಂಡೆಸ್ ಮತ್ತು ಬೆನ್ಜೆನ್‌ಬರ್ಗ್, ಕೆಲವು ಮೈಲಿ ದೂರದಲ್ಲಿ ಬೇರೆಬೇರೆ ಕುಳಿತು ಒಂದೇ ಉಲ್ಕೆಯನ್ನು ಗುರುತು ಹಾಕಿಕೊಂಡರು. ಎರಡು ನೋಟಗಳ ಅಂತರದಿಂದ ಅದರ ಎತ್ತರವನ್ನು ಲೆಕ್ಕ ಹಾಕಿದರು. ಉಲ್ಕೆಗಳು ಹೊಳೆಯುವುದು ಸುಮಾರು 80ರಿಂದ 100 ಕಿಲೋಮೀಟರ್ ಮೇಲೆ: ಬೆಂಗಳೂರಿನಿಂದ ಮಂಡ್ಯಕ್ಕಿರುವಷ್ಟು ದೂರ. 1833ರ ನವೆಂಬರ್ 13ರ ಬೆಳಗಿನ ಜಾವ ಅಮೆರಿಕದಲ್ಲಿ ಉಲ್ಕೆಗಳು ಮಳೆಯಂತೆ ಸುರಿದು, ಪ್ರಳಯವೇ ಬಂದಿತೆಂದು ಜನ ಮೊಣಕಾಲೂರಿದಾಗ, ಯೇಲ್‌ನ ಅಧ್ಯಾಪಕ ಓಮ್‌ಸ್ಟೆಡ್ ಎಂಬಾತ, ನೋಡಿದವರೆಲ್ಲ ಬರೆದು ತಿಳಿಸಬೇಕೆಂದು ಪತ್ರಿಕೆಯಲ್ಲಿ ಪ್ರಕಟಿಸಿದ. ಓಲೆಗಳು ಬಂದವು. ಉಲ್ಕೆಗಳೆಲ್ಲ ಸಿಂಹರಾಶಿಯ ಒಂದೇ ಕಡೆಯಿಂದ, ನಮ್ಮ ಮಖಾ ನಕ್ಷತ್ರದ ಆಸುಪಾಸಿನಿಂದ, ಹೊರಟಂತೆ ಕಂಡವೆಂಬುದು ಸ್ಪಷ್ಟವಾಯಿತು. ರೈಲು ಕಂಬಿಗಳು ದೂರದಲ್ಲಿ ಕೂಡಿದಂತೆ ಕಾಣುವ ಹಾಗೆಯೇ ಇದು. ನಿಜದಲ್ಲಿ ಅವು ಸಮಾಂತರವಾಗಿ ಬರುವ ಕಣಗಳು. 1866ರಲ್ಲಿ ಇಟಲಿಯ ಸ್ಕಿಯಪರೆಲ್ಲಿ, ಆಗಸ್ಟ್ ತಿಂಗಳ ಉಲ್ಕೆಗಳ ದಾರಿಯೂ 1862ರ ಒಂದು ಧೂಮಕೇತುವಿನ ದಾರಿಯೂ ಒಂದೇ ಎಂದು ತೋರಿಸಿದ. ಧೂಮಕೇತು ತನ್ನ ಹಾದಿಯುದ್ದಕ್ಕೂ ಧೂಳನ್ನು ಚೆಲ್ಲಿ ಹೋಗುತ್ತದೆ. ಭೂಮಿ ವರ್ಷಕ್ಕೊಮ್ಮೆ ಅದೇ ದಿನ ಆ ಧೂಳನ್ನು ಹಾಯುತ್ತದೆ. ಉಡುಪಿಯಲ್ಲಿ 1866ರಲ್ಲಿ ಬಿದ್ದಂಥ ಆಕಾಶಶಿಲೆಗಳ ಮಾತು ಬೇರೆ. ಉಲ್ಕಾವೃಷ್ಟಿಯ ಕಣಗಳು ಹೆಚ್ಚಾಗಿ ರಾಗಿ, ಸಾಸಿವೆ ಕಾಳಿನಷ್ಟು. ಅವು ನೆಲ ಮುಟ್ಟುವುದಿಲ್ಲ.

ಈ ಕಥೆಯ ಒಂದು ತುದಿ ನಮ್ಮ ದಕ್ಷಿಣ ದೇಶಕ್ಕೂ ಬಂದಿತು. ಬೀಲಾ ಎಂಬುದೊಂದು ಧೂಮಕೇತು. ಆರು ವರ್ಷ ಚಿಲ್ಲರೆಗೊಮ್ಮೆ ಬರುತ್ತಿದ್ದ ಅದು 1846ರಲ್ಲಿ ಎರಡು ಹೋಳಾಗಿ ಕಂಡಿತು, 1852ರಲ್ಲಿ ಜೋಡಿಯಾಗಿ ಬಂದು ಹೋಯಿತು, ಮತ್ತೆ ಬರಲಿಲ್ಲ. 1872ರ ನವೆಂಬರ್ 27ರ ರಾತ್ರಿ, ಭೂಮಿ ಅದರ ಹಾದಿಯನ್ನು ದಾಟುವಾಗ, ದೇವಯಾನಿ ನಕ್ಷತ್ರಪುಂಜದ ಕಡೆಯಿಂದ ಉಲ್ಕೆಗಳು ಸುರಿದವು. ಇಟಲಿಯಲ್ಲಿ ನಾಲ್ವರು ಸೇರಿ ಆರೂವರೆ ಗಂಟೆಯಲ್ಲಿ ಎಣಿಸಿದ್ದು 33,000ಕ್ಕೂ ಹೆಚ್ಚು. ಮೂರು ದಿನಗಳ ತರುವಾಯ ಗಟಿಂಗನ್ನಿನ ಕ್ಲಿಂಕರ್‌ಫ್ಯೂಸ್ ಮದರಾಸಿನ ವೀಕ್ಷಣಾಲಯಕ್ಕೆ ತಂತಿ ಕಳುಹಿಸಿದ: ಬೀಲಾ ಭೂಮಿಯನ್ನು ಸೋಕಿಹೋಗಿದೆ, ಕಿನ್ನರ ಪುಂಜದ ಬಳಿ ಹುಡುಕಿರಿ. ಯುರೋಪಿಗೆ ಕಾಣದ ಆ ದಕ್ಷಿಣದ ಆಕಾಶ ಮದರಾಸಿಗೆ ಕಾಣುತ್ತಿತ್ತು. ಅಲ್ಲಿನ ಮುಖ್ಯಸ್ಥ ನಾರ್ಮನ್ ಪಾಗ್ಸನ್. ಹಿಂಗಾರಿನ ಮೋಡಗಳ ನಡುವೆ ಕಾದು ಕುಳಿತು, ಡಿಸೆಂಬರ್ ಮೊದಲ ವಾರದ ಎರಡು ಬೆಳಗಿನ ಜಾವಗಳಲ್ಲಿ ಮಂಜಿನ ಉಂಡೆಯಂಥ ಒಂದು ಧೂಮಕೇತುವನ್ನು ಆತ ಕಂಡದ್ದು ನಿಜ. ಆಮೇಲೆ ಮೋಡ ಮುಚ್ಚಿತು. ಅದು ಬೀಲಾ ಅಲ್ಲ, ಹೇಳಿದ ಕಡೆ ಹುಡುಕಿದಾಗ ಆಕಸ್ಮಿಕವಾಗಿ ಸಿಕ್ಕ ಬೇರೆಯದೇ ಒಂದು ಎಂದು ಗಣಿತ ಹೇಳಿತು. ಒಂದು ದೇಶದವರ ಎಣಿಕೆ ಇನ್ನೊಂದು ದೇಶದ ಮೋಡದ ಬಿರುಕಿಗಾಗಿ ಕಾಯುವಂತಾಯಿತಲ್ಲ, ಅದೇ ನನಗೆ ಮುಖ್ಯವೆಂದು ತೋರುತ್ತದೆ.

ಆ ಮದರಾಸು ವೀಕ್ಷಣಾಲಯದ ಕೆಲಸವೇ 1899ರಲ್ಲಿ ಕೊಡೈಕನಾಲಿಗೆ ಸಾಗಿತು. ಅಲ್ಲಿಂದ ವೇಣು ಬಾಪು ಅವರ ಕಾಲದಲ್ಲಿ, 1971ರಲ್ಲಿ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್ ಹುಟ್ಟಿ, ಕೋರಮಂಗಲದಲ್ಲಿ ನೆಲೆಗೊಂಡಿತು. ಪಾಗ್ಸನ್ನನ ಉತ್ತರಾಧಿಕಾರಿಗಳು ಇಂದು ನಮ್ಮ ಮನೆಗೆ ಕೆಲವೇ ಮೈಲಿ ದೂರದವರು. ಆ ರಸ್ತೆಯಲ್ಲಿ ಎಷ್ಟೋ ಸಲ ಹಾದುಹೋಗಿದ್ದರೂ ನನಗೆ ಈ ನಂಟು ಹೊಳೆದದ್ದು ನಿವೃತ್ತನಾದ ಮೇಲೆಯೇ.

ಡಿಸೆಂಬರಿನ ಉಲ್ಕಾವೃಷ್ಟಿ ಮಿಥುನ ರಾಶಿಯದು. ಪುನರ್ವಸುವಿನ ಎರಡು ನಕ್ಷತ್ರಗಳ ಬಳಿಯಿಂದ ಹೊರಟಂತೆ ಕಾಣುತ್ತದೆ. 1862ರ ಸುಮಾರಿಗಷ್ಟೇ ಗುರುತಿಸಲ್ಪಟ್ಟದ್ದು. ಅದರ ತಾಯಿ ಯಾವುದೆಂದು ತಿಳಿದದ್ದು ಇನ್ನೂ ಈಚೆಗೆ, 1983ರಲ್ಲಿ, ಒಂದು ಉಪಗ್ರಹದ ಕಣ್ಣಿಗೆ ಫೇತಾನ್ ಎಂಬ ಕಲ್ಲುಗುಂಡು ಬಿದ್ದಾಗ. 1966ರ ಆ ರಾತ್ರಿ ಚುಕ್ಕಿಗಳು ಎಲ್ಲಿಂದ ಬಂದವೆಂದು ಲೋಕದ ಯಾವ ಪಂಡಿತನೂ ನಮ್ಮಮ್ಮನಿಗೆ ಹೇಳುವ ಸ್ಥಿತಿಯಲ್ಲಿರಲಿಲ್ಲ. ಆದರೆ ಡಿಸೆಂಬರ್ 13, 14ರ ಸುಮಾರಿಗೆ ಬೀಳುತ್ತವೆಂಬುದು ಮಾತ್ರ ಆಗಲೇ ಹಳೆಯ ಸಂಗತಿ. ನಮಗದು ಕಾಣಲಿಲ್ಲ, ಏಕೆಂದರೆ ನಾವು ತಾತನವರನ್ನು ನೆನೆಯುತ್ತಿದ್ದುದು ಚಾಂದ್ರಮಾನದ ತಿಥಿಯಲ್ಲಿ. ಬಿದಿಗೆ ಒಂದು ವರ್ಷ ನವೆಂಬರಿಗೆ ಜಾರುತ್ತದೆ, ಇನ್ನೊಂದು ವರ್ಷ ಡಿಸೆಂಬರ್ ನಡುವಿಗೆ ಬರುತ್ತದೆ. ಉಲ್ಕೆಗಳು ನಡೆಯುವುದು ಸೂರ್ಯನ ಲೆಕ್ಕದಲ್ಲಿ. ಎರಡು ಲೆಕ್ಕಗಳೂ ಕೂಡುವುದು 19 ವರ್ಷಕ್ಕೊಮ್ಮೆ. ಅಷ್ಟರಲ್ಲಿ 7 ಅಧಿಕಮಾಸಗಳು ಬಂದು ಚಂದ್ರನನ್ನು ಸೂರ್ಯನಿಗೆ ಹೊಂದಿಸಿರುತ್ತವೆ. 1966ಕ್ಕೆ 19ನ್ನು ಕೂಡುತ್ತ ಬನ್ನಿ: 1985, 2004, 2023. ಮೊದಲೆರಡು ಸಲ ನಾನು ಶ್ರಾದ್ಧದ ಊಟ ಮಾಡಿ ನಿದ್ದೆ ಹೋದೆ.

2023ರ ಡಿಸೆಂಬರ್ 14, ಮಾರ್ಗಶಿರ ಶುದ್ಧ ಬಿದಿಗೆ. ಬೆಳಿಗ್ಗೆ ಪಿಂಡಪ್ರದಾನ, ರಾತ್ರಿ ಹನ್ನೊಂದೂವರೆಗೆ ಚಾಪೆ, ಕಂಬಳಿಯೊಂದಿಗೆ ಅದೇ ಮನೆಯ ತಾರಸಿಗೆ ಹತ್ತಿದೆ. ಈ ವಿದ್ಯೆಯಲ್ಲಿ ಹೊಸಬನಾದವನಿಗೆ ಬೇಕಾದ ಸಲಕರಣೆ ಇಷ್ಟೇ. ಬೀದಿದೀಪಕ್ಕೆ ಬೆನ್ನು ಮಾಡಬೇಕು, ಅರ್ಧ ಗಂಟೆ ಬೆಳಕು ನೋಡದೆ ಕಣ್ಣನ್ನು ಕತ್ತಲಿಗೆ ಒಗ್ಗಿಸಬೇಕು, ಮೊಬೈಲನ್ನು ಮುಟ್ಟಬಾರದು. ಕತ್ತಲೆಯೆಲ್ಲಿದೆ, ಎನ್ನುವಿರಿ. ಖಾಲಿ ನಿವೇಶನಗಳ ಜಾಗದಲ್ಲಿ ನಾಲ್ಕಂತಸ್ತಿನ ಮನೆಗಳೆದ್ದಿವೆ, ಹಳದಿ ದೀಪಗಳು ಹೋಗಿ ಬಿಳಿಯವು ಬಂದಿವೆ. ನೀರಿನ ತೊಟ್ಟಿಯ ನೆರಳಿನಲ್ಲಿ ನೆತ್ತಿಯ ಮೇಲಿನ ಆಕಾಶ ಮಾತ್ರ ಸ್ವಲ್ಪ ಕಪ್ಪಾಗಿತ್ತು. ತುಂಡು ಮೋಡಗಳು ಬೇರೆ. ಕಗ್ಗತ್ತಲೆಯ ಊರಿನಲ್ಲಾದರೆ ಗಂಟೆಗೆ ನೂರನ್ನು ಮೀರಬಹುದಾದ ಉಲ್ಕೆಗಳು ನನಗೆ ಮೂರು ಗಂಟೆಯಲ್ಲಿ ಸಿಕ್ಕಿದ್ದು ಹದಿನಾಲ್ಕು. ಪ್ರತಿಯೊಂದರ ಬಾಲವನ್ನೂ ಮನಸ್ಸಿನಲ್ಲಿಯೇ ಹಿಂದಕ್ಕೆಳೆದು ನೋಡಿದೆ: ಹನ್ನೊಂದು ಪುನರ್ವಸುವಿಗೆ ಹೋಗಿ ಮುಟ್ಟಿದವು, ಮೂರು ಬೇರೆಯವು. ಮಂದವಾಗಿ, ಅವಸರವಿಲ್ಲದೆ, ತಾವರೆಯ ನೂಲಿನಂತೆ ಹಾದುಹೋದವು.

ಮರುದಿನ ಕಾಫಿಯ ಹೊತ್ತಿನಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಆಕೆಗೆ ಆಗ ಎಂಬತ್ತೇಳು. ಹಿತ್ತಿಲಿನ ಮೂರು ಚುಕ್ಕಿಗಳ ಮಾತನ್ನು ಐವತ್ತೇಳು ವರ್ಷಗಳ ಮೇಲೆ ನಾನು ಮತ್ತೆ ಎತ್ತಿದ್ದು ಅಂದೇ. ಪ್ರತಿ ವರ್ಷವೂ ಬೀಳುತ್ತವೆ, ತಾತ ಇದ್ದಾಗಲೂ ಬೀಳುತ್ತಿದ್ದವು ಎಂದೆ. ಅವರು ಲೋಟವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಒಂದನ್ನು ನಾನೂ ನೋಡಿದ್ದೆ ಕಣೋ,” ಎಂದರು, “ನೀನು ಹೇಳೋದಕ್ಕೆ ಮುಂಚೇನೇ. ನೀರು ಸೇದೋಕೆ ಹೋದಾಗ. ಮಗುವೂ ನೋಡಿತಲ್ಲಾ ಅಂತ ನನ್ನ ಎದೆ ಒಡೆದುಹೋಯಿತು.”

ಆಮೇಲೆ, ಮುಂದಿನ ವರ್ಷವೂ ಬೀಳುತ್ತವೆಯೇ ಎಂದು ಕೇಳಿದರು. ಬೀಳುತ್ತವೆ, ಆದರೆ 2024ರಲ್ಲಿ ಹುಣ್ಣಿಮೆಯ ಸಮೀಪ, ಬೆಳದಿಂಗಳಲ್ಲಿ ಕಾಣುವುದು ಕಷ್ಟ ಎಂದೆ.

“ಬೆಳದಿಂಗಳಿದ್ದರೆ ಒಳ್ಳೇದೇ ಆಯಿತು, ಮೆಟ್ಟಿಲು ಕಾಣುತ್ತೆ,” ಎಂದರು ಅಮ್ಮ.