ತೆಂಗಿನ ತೋಟಗಳಲ್ಲಿ ಸುಸ್ಥಿರ ಹಾಲು ಮೇಕೆ ಸಾಕಾಣಿಕೆ: ಬೋರನಕಣಿವೆ ಪ್ರದೇಶದ ರೈತರಿಗೆ ಮಾಹಿತಿ

ಪೀಠಿಕೆ
ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ಹಾಗೂ ನೆರೆಯ ತಿಪಟೂರು, ತುರುವೇಕೆರೆ ತಾಲ್ಲೂಕುಗಳು ತೆಂಗು ಪ್ರಧಾನವಾದ, ಮಳೆಯ ಕೊರತೆಗೆ ಆಗಾಗ್ಗೆ ಒಳಗಾಗುವ ಪ್ರದೇಶಗಳಾಗಿವೆ. ಕೊಬ್ಬರಿಯ ಬೆಲೆ ಕುಸಿದಾಗ ಪೂರಕ ಆದಾಯ ಒದಗಿಸಬಲ್ಲ ಕಸುಬುಗಳಲ್ಲಿ ಮೇಕೆ ಸಾಕಾಣಿಕೆಯೂ ಒಂದು. ಆದರೆ ಮೇವು ಮತ್ತು ಮಾರುಕಟ್ಟೆಯನ್ನು ಖಚಿತಪಡಿಸಿಕೊಳ್ಳದೆ ಸಾಲ ಮಾಡಿ ದುಬಾರಿ ತಳಿಗಳನ್ನು ಖರೀದಿಸಿದಲ್ಲಿ ನಷ್ಟ ಸಂಭವಿಸುತ್ತದೆ. ಆದ್ದರಿಂದ ಘಟಕ ಸ್ಥಾಪಿಸುವ ಮುನ್ನ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಮಂದೆಯ ಗಾತ್ರ
ವಯಸ್ಕ ಮೇಕೆಯೊಂದಕ್ಕೆ ದಿನಕ್ಕೆ ಸುಮಾರು 4 ಕೆ.ಜಿ. ಹಸಿರು ಮೇವು ಬೇಕಾಗುತ್ತದೆ. ಅದರಂತೆ 10 ಮೇಕೆಗಳಿಗೆ ವರ್ಷಕ್ಕೆ 14ರಿಂದ 15 ಟನ್ ಮೇವು ಅವಶ್ಯಕ. ತೋಟದಲ್ಲಿ ಬೆಳೆಯಬಹುದಾದ ಮೇವಿನ ಪ್ರಮಾಣಕ್ಕೆ ಅನುಗುಣವಾಗಿ ಮೇಕೆಗಳ ಸಂಖ್ಯೆಯನ್ನು ನಿರ್ಧರಿಸತಕ್ಕದ್ದು.

2. ಮೇವು
ತೆಂಗಿನ ನೆರಳಿನಲ್ಲಿ ಗಿನಿ ಹುಲ್ಲನ್ನು, ಬಿಸಿಲು ಬೀಳುವ ಕಡೆ ಸಂಕರ ನೇಪಿಯರ್ ಹುಲ್ಲನ್ನು ಬೆಳೆಯಬಹುದು. ಬೇಲಿಯ ಸಾಲಿನಲ್ಲಿ ಅಗಸೆ, ಸುಬಾಬುಲ್ ಮತ್ತು ಹಿಪ್ಪುನೇರಳೆ ಸೂಕ್ತ. ಸುಬಾಬುಲ್ ಸೊಪ್ಪು ಒಟ್ಟು ಮೇವಿನ ಮೂರನೇ ಒಂದು ಭಾಗವನ್ನು ಮೀರಬಾರದು. ಬೇಸಿಗೆಗೆ ರಾಗಿ ಹುಲ್ಲು, ಅವರೆ ಮತ್ತು ಹುರುಳಿ ಹೊಟ್ಟನ್ನು ಸಂಗ್ರಹಿಸಿಡಬೇಕು. ಸ್ಥಳೀಯವಾಗಿ ದೊರೆಯುವ ಕೊಬ್ಬರಿ ಹಿಂಡಿಯನ್ನು ಪಶು ಆಹಾರದಲ್ಲಿ ಬಳಸಬಹುದು. ಬೂಷ್ಟು ಹಿಡಿದ ಹಿಂಡಿಯನ್ನು ನೀಡಬಾರದು. ಎಳೆಯ ತೆಂಗಿನ ಸಸಿಗಳನ್ನು ಮೇಕೆಗಳು ತಿನ್ನುವುದರಿಂದ ಕೊಟ್ಟಿಗೆಯಲ್ಲಿಯೇ ಮೇವು ಒದಗಿಸುವುದು ಸೂಕ್ತ.

3. ತಳಿ ಮತ್ತು ಸಂತಾನಾಭಿವೃದ್ಧಿ
ಸ್ಥಳೀಯ ನಂದಿದುರ್ಗ ತಳಿಯು ಮುಖ್ಯವಾಗಿ ಮಾಂಸಕ್ಕೆ ಹೆಸರಾಗಿದೆ. ಹಾಲಿಗಾಗಿ ಜಮುನಾಪಾರಿ, ಬೀಟಲ್ ತಳಿಗಳನ್ನು ಸಾಕಬಹುದು. ಉತ್ತಮ ಪೋಷಣೆಯಲ್ಲಿ ಇವು ದಿನಕ್ಕೆ 1ರಿಂದ 2 ಲೀಟರ್ ಹಾಲು ನೀಡುತ್ತವೆ. ಗರ್ಭಾವಧಿ ಸುಮಾರು 150 ದಿನಗಳು. 20ರಿಂದ 25 ಮೇಕೆಗಳಿಗೆ ಒಂದು ಹೋತ ಸಾಕಾಗುತ್ತದೆ. ರಕ್ತಸಂಬಂಧದ ಸಂಕರಣ ತಡೆಯಲು ಹೋತವನ್ನು ಎರಡು ವರ್ಷಗಳಿಗೊಮ್ಮೆ ಬದಲಾಯಿಸಬೇಕು.

4. ಆರೋಗ್ಯ ಮತ್ತು ಹಾಲಿನ ಶುಚಿತ್ವ
ಪಿ.ಪಿ.ಆರ್. ಮತ್ತು ಕರುಳು ಬೇನೆ ರೋಗಗಳ ವಿರುದ್ಧ ಲಸಿಕೆ ಹಾಕಿಸತಕ್ಕದ್ದು. ಕರುಳು ಬೇನೆ ಲಸಿಕೆಯನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ನೀಡಬೇಕು. ಜಂತುನಾಶಕವನ್ನು ಸಗಣಿ ಪರೀಕ್ಷೆಯ ನಂತರ ಪಶುವೈದ್ಯರ ಸಲಹೆಯಂತೆ ನೀಡುವುದು; ಪದೇ ಪದೇ ಅನಗತ್ಯವಾಗಿ ನೀಡಿದಲ್ಲಿ ಜಂತುಗಳು ಔಷಧಕ್ಕೆ ಜಗ್ಗದಂತಾಗುತ್ತವೆ. ಚಿಕಿತ್ಸೆಯ ಅವಧಿಯಲ್ಲಿ ಹಾಗೂ ವೈದ್ಯರು ಸೂಚಿಸಿದ ದಿನಗಳವರೆಗೆ ಹಾಲನ್ನು ಮಾರಾಟ ಮಾಡಬಾರದು. ಹಾಲನ್ನು ಕಾಯಿಸದೆ ಸೇವಿಸಬಾರದು.

5. ಗೊಬ್ಬರ
ಮೇಕೆ ಗೊಬ್ಬರವು ತೆಂಗಿಗೆ ಉತ್ತಮ ಪೋಷಕ. ಆದರೆ ತೋಟದಲ್ಲಿ ತೆರೆದಿಟ್ಟ ಗೊಬ್ಬರದ ಗುಂಡಿಗಳಲ್ಲಿ ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿಯ ಮರಿಹುಳುಗಳು ಬೆಳೆಯುತ್ತವೆ. ಗೊಬ್ಬರವನ್ನು ಆಗಾಗ್ಗೆ ಮಗುಚಿ ಮರಿಹುಳುಗಳನ್ನು ನಾಶಪಡಿಸಬೇಕು. ಮೆಟರೈಜಿಯಂ ಶಿಲೀಂಧ್ರವನ್ನು ಬೆರೆಸಬಹುದು.

6. ಮಾರುಕಟ್ಟೆ
ಮೇಕೆ ಹಾಲನ್ನು ಹಸುವಿನ ಹಾಲಿನೊಂದಿಗೆ ಬೆರೆಸಿ ಹಾಲಿನ ಡೇರಿಗೆ ಹಾಕಬಾರದು. ಖರೀದಿದಾರರನ್ನು ಮುಂಚಿತವಾಗಿ ಗುರುತಿಸಿಕೊಳ್ಳುವುದು. ಮರಿಗಳ ಮಾರಾಟ ಮತ್ತು ಗೊಬ್ಬರದ ಆದಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

7. ಲಭ್ಯವಿರುವ ಸೌಲಭ್ಯಗಳು
ಅ) ಸಾಲ: ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು 2018-19ರ ಕೇಂದ್ರ ಆಯವ್ಯಯದಲ್ಲಿ ಪಶುಪಾಲನೆಗೂ ವಿಸ್ತರಿಸಲಾಯಿತು. ಮೇವು, ಔಷಧ ಮುಂತಾದ ನಿರ್ವಹಣಾ ವೆಚ್ಚಕ್ಕೆ ಬ್ಯಾಂಕಿನಲ್ಲಿ ಅರ್ಜಿ ಸಲ್ಲಿಸಬಹುದು.
ಆ) ಸಹಾಯಧನ: 2021ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯಲ್ಲಿ ದೊಡ್ಡ ಮೇಕೆ ಘಟಕಗಳ ಬಂಡವಾಳ ವೆಚ್ಚಕ್ಕೆ ಶೇ. 50ರ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಯಿತು. ಅರ್ಜಿಗೆ ಮುನ್ನ ಚಾಲ್ತಿಯಲ್ಲಿರುವ ಮಾರ್ಗಸೂಚಿಯನ್ನು ಪರಿಶೀಲಿಸಿಕೊಳ್ಳುವುದು.
ಇ) ಪರಿಹಾರ: ಆಕಸ್ಮಿಕವಾಗಿ ಮೃತಪಟ್ಟ ಮೇಕೆಗಳಿಗೆ ಅನುಗ್ರಹ ಯೋಜನೆಯಡಿ ಪರಿಹಾರ ಕೋರುವವರು ಕೂಡಲೇ ಪಶುವೈದ್ಯರಿಗೆ ತಿಳಿಸತಕ್ಕದ್ದು. ಮರಣೋತ್ತರ ಪರೀಕ್ಷೆಗೆ ಮುನ್ನ ಕಳೇಬರವನ್ನು ಹೂಳಬಾರದು.

ತುರ್ತು ಪಶುಚಿಕಿತ್ಸೆಗೆ 1962 ಸಹಾಯವಾಣಿಯನ್ನು ಸಂಪರ್ಕಿಸಬಹುದು. ಹೆಚ್ಚಿನ ಮಾಹಿತಿಗೆ ಸಮೀಪದ ಪಶುವೈದ್ಯ ಆಸ್ಪತ್ರೆಯನ್ನು ಅಥವಾ ತಿಪಟೂರು ತಾಲ್ಲೂಕಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.