ಹಗೇವಿನ ಬಾಯಿ: ಧಾನ್ಯವನ್ನು ಇಡುವ, ಮಾರುವ ನಿರ್ಧಾರದ ಚರಿತ್ರೆಗೊಂದು ಟಿಪ್ಪಣಿ

ಕನಕದಾಸರ ರಾಮಧಾನ್ಯಚರಿತ್ರೆಯನ್ನು ಸಾಮಾಜಿಕ ಸಂಘರ್ಷದ ರೂಪಕವಾಗಿ ಓದುವ ಕ್ರಮ ನಮ್ಮ ವಿಮರ್ಶೆಯಲ್ಲಿ ಬಹುಕಾಲದಿಂದ ನೆಲೆಯೂರಿದೆ. ವ್ರೀಹಿ ಎಂದರೆ ಭತ್ತವು ಮೇಲ್ವರ್ಗವನ್ನೂ ನರೆದಲೆಗ ಎಂದರೆ ರಾಗಿಯು ದುಡಿಯುವ ವರ್ಗವನ್ನೂ ಪ್ರತಿನಿಧಿಸುತ್ತವೆ ಎಂಬ ಆ ಓದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎರಡು ಧಾನ್ಯಗಳ ಜಗಳ ಕಾವ್ಯದಲ್ಲಿ ತೀರ್ಮಾನವಾಗುವ ಬಗೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದು ನಮ್ಮ ಭಾವನೆ. ರಾಮನು ಯಾರ ಮಾತನ್ನೂ ಒಪ್ಪದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರತಂದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ರುಚಿಯಾಗಲಿ ಬೆಲೆಯಾಗಲಿ ನೈವೇದ್ಯಕ್ಕೆ ಸಲ್ಲುವ ಅರ್ಹತೆಯಾಗಲಿ ಇಲ್ಲಿ ಒರೆಗಲ್ಲಾಗಿಲ್ಲ. ಇಟ್ಟರೆ ಉಳಿಯುತ್ತದೆಯೇ ಎಂಬುದೊಂದೇ ಒರೆಗಲ್ಲು. ಇದು ಋಷಿಗಳ ಸಭೆಯ ಪ್ರಶ್ನೆಯಲ್ಲ, ಕಣದಲ್ಲಿ ರಾಶಿಯ ಮುಂದೆ ನಿಂತ ಒಕ್ಕಲಿಗನ ಪ್ರಶ್ನೆ.

ಬೆಳೆದ ಧಾನ್ಯವನ್ನು ಯಾವಾಗ ಇಡಬೇಕು, ಯಾವಾಗ ಮಾರಬೇಕು ಎಂಬ ವಿವೇಚನೆ ಭಾರತೀಯ ಗ್ರಂಥಗಳಲ್ಲಿ ಹಳೆಯದೇ. ಕೌಟಿಲ್ಯನ ಅರ್ಥಶಾಸ್ತ್ರವು ಕೋಷ್ಠಾಗಾರಾಧ್ಯಕ್ಷನ ಪ್ರಕರಣದಲ್ಲಿ, ಸಂಗ್ರಹದ ಅರ್ಧಭಾಗವನ್ನು ಜನಪದದ ಆಪತ್ಕಾಲಕ್ಕೆಂದು ತೆಗೆದಿರಿಸಿ ಉಳಿದರ್ಧವನ್ನು ಬಳಸಬೇಕೆಂದೂ, ಹಳತನ್ನು ತೆಗೆದು ಹೊಸತನ್ನು ತುಂಬುತ್ತಿರಬೇಕೆಂದೂ ವಿಧಿಸುತ್ತದೆ. ಸರಕನ್ನು ಯಾವ ಕಾಲದಲ್ಲಿ ಹರಡಬೇಕು, ಯಾವಾಗ ಒಂದೆಡೆ ಕೂಡಿಸಬೇಕು, ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂಬುದನ್ನು ಬಲ್ಲವನಾಗಿರಬೇಕಾದವನು ಬೇರೊಬ್ಬ ಅಧಿಕಾರಿ, ಪಣ್ಯಾಧ್ಯಕ್ಷ. ಇಡುವ ಹೊಣೆ ಒಬ್ಬನದು, ಮಾರುವ ಹೊಣೆ ಇನ್ನೊಬ್ಬನದು. ಬೆಳೆದವನ ನಿರ್ಧಾರಕ್ಕೆ ಈ ಎರಡು ಪ್ರಕರಣಗಳಲ್ಲಿ ಎಡೆಯಿಲ್ಲ. ಅವನ ನಿರ್ಧಾರವನ್ನು ಕಾಣಬೇಕಾದರೆ ಗ್ರಂಥವನ್ನು ಬಿಟ್ಟು ನೆಲವನ್ನೇ ನೋಡಬೇಕಾಗುತ್ತದೆ.

ನೆಲವೆಂದರೆ ಇಲ್ಲಿ ಅಕ್ಷರಶಃ ನೆಲವೇ. ಕನ್ನಡ ನಾಡಿನ ಬಯಲುಸೀಮೆಯಲ್ಲಿ ರಾಗಿಯನ್ನೂ ಜೋಳವನ್ನೂ ಬಹುಕಾಲ ಇಡುವ ಸ್ಥಳ ಹಗೇವು. ಗಟ್ಟಿ ನೆಲದಲ್ಲಿ ಒಬ್ಬ ಆಳು ಇಳಿಯುವಷ್ಟೇ ಕಿರಿದಾದ ಬಾಯಿ, ಕೆಳಗೆ ಗಡಿಗೆಯ ಹೊಟ್ಟೆಯಂತೆ ಅಗಲವಾಗುವ ಕುಳಿ, ತಳಕ್ಕೂ ಗೋಡೆಗೂ ಹುಲ್ಲಿನ ಹೊದಿಕೆ. ಧಾನ್ಯ ತುಂಬಿದ ಮೇಲೆ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಪದ್ಧತಿಯನ್ನೂ, ಅದರಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುವುದನ್ನೂ ದಾಖಲಿಸಿದ್ದಾನೆ. ಧಾನ್ಯದ ಉಸಿರಾಟದಿಂದಲೇ ಒಳಗಿನ ಪ್ರಾಣವಾಯು ತೀರಿ ಇಂಗಾಲಾಮ್ಲ ತುಂಬಿಕೊಳ್ಳುತ್ತದೆ, ಹುಳು ಬದುಕುವುದಿಲ್ಲ. ಆದುದರಿಂದಲೇ ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಬಾಯಿ ತೆರೆದು ಕೆಲವು ತಾಸು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಈ ಎಚ್ಚರ ತಪ್ಪಿ ಪ್ರಾಣ ಕಳೆದುಕೊಂಡವರ ಕಥೆಗಳು ಬಯಲುಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತವೆ.

ಮಹಾರಾಷ್ಟ್ರದ ಓದುಗರಿಗೆ ಇಲ್ಲಿ ಮರಾಠಿಯ ಪೇವ್ ನೆನಪಾಗದಿರದು. ವಸ್ತು ಒಂದೇ. ಪಕಾರ ಹಕಾರವಾಗುವ ಕನ್ನಡದ ನಿಯಮವನ್ನು ನೆನೆದರೆ ಎರಡು ಪದಗಳ ನಂಟನ್ನು ಊಹಿಸಲು ಮನಸ್ಸಾಗುತ್ತದೆ. ನಿರ್ಣಯವನ್ನು ಭಾಷಾವಿಜ್ಞಾನಿಗಳಿಗೆ ಬಿಡುವುದು ಲೇಸು.

ನಮ್ಮ ವಿಷಯಕ್ಕೆ ಮುಖ್ಯವಾದುದು ಹಗೇವಿನ ಇನ್ನೊಂದು ಗುಣ. ಅದನ್ನು ಸ್ವಲ್ಪ ಸ್ವಲ್ಪವಾಗಿ ಬಳಸಲಾಗದು. ಒಮ್ಮೆ ಬಾಯಿ ತೆರೆದರೆ ಹೊರಗಿನ ಗಾಳಿ, ತೇವ ಒಳಸೇರುತ್ತವೆ, ಇದ್ದುದೆಲ್ಲವನ್ನೂ ತೆಗೆಯಬೇಕಾಗುತ್ತದೆ. ದಿನದ ಊಟಕ್ಕೆ ಬೇಕಾದುದು ಮನೆಯೊಳಗಿನ ಕಣಜದಲ್ಲೋ ವಾಡೆಯಲ್ಲೋ ಇರುತ್ತಿತ್ತು. ಹಗೇವಿನಲ್ಲಿ ಇದ್ದುದು ಮುಂದಿನ ಕಾಲದ್ದು. ಹೀಗಾಗಿ ಹಗೇವು ತೆಗೆಯುವುದೆಂದರೆ, ಈ ವರ್ಷ ಕೆಟ್ಟ ವರ್ಷವೆಂದೋ, ಮಾರಲು ತಕ್ಕ ಬೆಲೆ ಬಂದಿದೆಯೆಂದೋ, ಮುಂದಿನ ಮಳೆಯ ಮೇಲೆ ಭರವಸೆಯಿದೆಯೆಂದೋ ಮನೆಯ ಯಜಮಾನನು ಒಂದೇ ಸಲಕ್ಕೆ ತೀರ್ಮಾನಿಸಿದಂತೆ. ತಪ್ಪಿದರೆ ತಿದ್ದಿಕೊಳ್ಳಲು ಎಡೆಯಿರಲಿಲ್ಲ. ಭತ್ತದ ನಾಡಿನಲ್ಲಿ ಇಷ್ಟು ಕಠಿನವಾದ ನಿರ್ಧಾರದ ಸಂದರ್ಭ ಕಡಿಮೆಯೆಂದೇ ಹೇಳಬೇಕು. ಅಲ್ಲಿ ನೀರಾವರಿಯ ಬೆಳೆಯ ಮೇಲೆ ದೇವಾಲಯ, ಅಗ್ರಹಾರ, ಅರಮನೆಗಳ ಪಾಲು ಮೊದಲೇ ಗೊತ್ತಾಗಿರುತ್ತಿತ್ತು. ನೈವೇದ್ಯಕ್ಕೆಂದು ಖಂಡುಗ, ಕೊಳಗಗಳ ಲೆಕ್ಕದಲ್ಲಿ ಅಕ್ಕಿ, ಭತ್ತ ಬಿಟ್ಟ ಶಾಸನಗಳು ಹೇರಳ.

ಇಡುವ ಅಧಿಕಾರ ಒಕ್ಕಲಿಗನ ಕೈಯಿಂದ ಪ್ರಭುತ್ವದ ಉಗ್ರಾಣಕ್ಕೆ ಹೋದಾಗ ಏನಾಗುತ್ತಿತ್ತೆಂಬುದಕ್ಕೆ ದಾಮಾಜಿಪಂತನ ಕಥೆ ಒಳ್ಳೆಯ ಸಾಕ್ಷಿ. ಇಂದು ಸೊಲ್ಲಾಪುರ ಜಿಲ್ಲೆಗೆ ಸೇರಿರುವ ಮಂಗಳವೇಢೆ ಕಲಚುರಿ ಬಿಜ್ಜಳನ ಹೆಸರಿನೊಡನೆ ಸೇರಿದ ಊರಾದ್ದರಿಂದ ಕನ್ನಡ ವಿದ್ವಾಂಸರಿಗೆ ಅಪರಿಚಿತವೇನಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಅಲ್ಲಿ ಅಧಿಕಾರಿಯಾಗಿದ್ದ ದಾಮಾಜಿಯು ಕ್ಷಾಮದಲ್ಲಿ ಸರಕಾರಿ ಧಾನ್ಯವನ್ನು ಜನರಿಗೆ ಹಂಚಿದನೆಂದೂ, ಸುಲ್ತಾನನ ಕೋಪಕ್ಕೆ ಗುರಿಯಾದಾಗ ವಿಠ್ಠಲನು ಮಹಾರನ ವೇಷದಲ್ಲಿ ಬೀದರಿಗೆ ಹೋಗಿ ಧಾನ್ಯದ ಬೆಲೆಯನ್ನು ಕಟ್ಟಿ ರಸೀದಿ ತಂದನೆಂದೂ ಐತಿಹ್ಯ. 18ನೆಯ ಶತಮಾನದ ಮಹೀಪತಿಯ ಭಕ್ತವಿಜಯದಲ್ಲಿ ಇದು ವಿಸ್ತಾರವಾಗಿದೆ. ಭಕ್ತಿಯ ಮಹಿಮೆಯನ್ನು ಬದಿಗಿಟ್ಟು ನೋಡಿದರೆ ಒಂದು ಅಂಶ ಎದ್ದುಕಾಣುತ್ತದೆ. ದೇವರು ಧಾನ್ಯವನ್ನು ಮರಳಿ ತುಂಬಿಸಲಿಲ್ಲ, ಹಣ ಕೊಟ್ಟನು. ಹಂಚಿಕೆಯಾಗಿದ್ದುದು ಕಾಗದದಲ್ಲಿ ಮಾರಾಟವಾಯಿತು. ಬೆಲೆ ಸಂದರೆ ಉಗ್ರಾಣ ಬರಿದಾದುದು ಅಪರಾಧವಲ್ಲ ಎಂಬ ಆಡಳಿತದ ತರ್ಕವನ್ನು ಸಂತಕಥೆ ಎಷ್ಟು ಚೆನ್ನಾಗಿ ಅರಿತಿತ್ತು!

ನಗದು ತೆರಿಗೆ ಬ್ರಿಟಿಷರಿಂದಲೇ ಬಂದುದಲ್ಲ. ಗದ್ಯಾಣ, ಪಣಗಳ ಲೆಕ್ಕ ಮಧ್ಯಯುಗದ ಶಾಸನಗಳಲ್ಲಿ ಧಾರಾಳವಾಗಿದೆ. ಆದರೆ 19ನೆಯ ಶತಮಾನದಲ್ಲಿ ಅದರ ಬಿಗಿ ಬೇರೆಯಾಯಿತು. ಮದರಾಸು, ಮುಂಬಯಿ ಆಧಿಪತ್ಯಗಳ ರಯತವಾರಿ ಪ್ರದೇಶಗಳಲ್ಲಿ ಕಂದಾಯದ ಕಂತುಗಳು ಸುಗ್ಗಿಯ ಆಸುಪಾಸಿನಲ್ಲೇ ಬೀಳುತ್ತಿದ್ದವು. ಮೈಸೂರಿನಲ್ಲಿ 1831ರ ನಂತರದ ಕಮಿಷನರುಗಳ ಆಡಳಿತದಲ್ಲಿ ಬೆಳೆಯನ್ನು ಪಾಲುಮಾಡುವ ಬಟಾಯಿ ಹಿಂದೆ ಸರಿಯಿತು. ಬಟಾಯಿಯಲ್ಲಿ ಬೆಲೆ ಕುಸಿದರೆ ನಷ್ಟದ ಪಾಲು ಸರಕಾರಕ್ಕೂ ತಟ್ಟುತ್ತಿತ್ತು. ನಗದು ಕಂತಿನಲ್ಲಿ ಅದೆಲ್ಲ ರೈತನದೇ. ಎಲ್ಲರೂ ಒಟ್ಟಿಗೆ ಮಾರುವ, ಬೆಲೆ ಇಳಿದಿರುವ ವಾರಗಳಲ್ಲಿಯೇ ಅವನು ರಾಶಿಯನ್ನು ಸಾಹುಕಾರನಿಗೆ ಅಳೆಯಬೇಕಾಯಿತು. ಬೆಂಗಳೂರಿಗೆ 1864ರಲ್ಲಿ, ರಾಯಚೂರಿಗೆ 1871ರಲ್ಲಿ ರೈಲು ಬಂದ ಮೇಲೆ ದೂರದ ಪೇಟೆಯ ಬೆಲೆ ಕಣದ ಹತ್ತಿರಕ್ಕೇ ಬಂದಿತು. ಲಾಭವಾದುದು ಕಾಯಬಲ್ಲವರಿಗೆ.

1876-78ರ ಮಹಾಕ್ಷಾಮದಲ್ಲಿ ವೈಸರಾಯ್ ಲಿಟ್ಟನ್ನನ ಸರಕಾರ ಧಾನ್ಯದ ವ್ಯಾಪಾರದಲ್ಲಿ ಕೈಹಾಕಲು ಒಪ್ಪಲಿಲ್ಲ. ರೈಲಿನಲ್ಲಿ ಧಾನ್ಯ ಬಂದರೂ ಕೊಳ್ಳುವ ಶಕ್ತಿ ಜನರಲ್ಲಿ ಉಳಿದಿರಲಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿತ್ತು. 1881ರಲ್ಲಿ ಅದು 42 ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ಒಂದಲ್ಲ ಎರಡು ಮಳೆಗಾಲಗಳು ಕೈಕೊಟ್ಟಲ್ಲಿ ಹಗೇವು ಎಷ್ಟಿದ್ದರೂ ಸಾಲದೆಂಬುದು ನಿಜ. ಆದರೂ ಕಂತಿಗೆಂದು ಕಣದಿಂದಲೇ ಧಾನ್ಯ ಹೊರಟುಹೋದ ಮನೆಗೂ ಒಂದು ಹಗೇವಾದರೂ ಮುಚ್ಚಿದ್ದ ಮನೆಗೂ ಮೊದಲ ವರ್ಷದಲ್ಲಿ ಇದ್ದ ಅಂತರವನ್ನು ನಾವು ಕಡೆಗಣಿಸುವಂತಿಲ್ಲ.

ಈಗ ಕನಕದಾಸರ ಆ ಆರು ತಿಂಗಳಿಗೆ ಮರಳಬಹುದು. ಕಾರ್ತಿಕ, ಮಾರ್ಗಶಿರಗಳಲ್ಲಿ ಕೊಯ್ದ ಬೆಳೆಗೆ ಆರು ತಿಂಗಳು ಕೂಡಿಸಿದರೆ ವೈಶಾಖ, ಜ್ಯೇಷ್ಠ. ಕಣಜ ಬರಿದಾಗಿ, ಧಾರಣೆ ಏರಿ, ಬಿತ್ತನೆಗೆ ಬೀಜ ಬೇಕಾಗುವ ಕಾಲವದು. ಕವಿ ಬಾಡದ ದಣ್ಣಾಯಕನಾಗಿದ್ದನೆಂಬ ಐತಿಹ್ಯವನ್ನು ನಂಬುವುದಾದರೆ, ಉಗ್ರಾಣದ ಬಾಗಿಲು ತೆರೆಯುವ ಹೊತ್ತು ಯಾವುದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಾಮನು ಸೆರೆಯ ಅವಧಿಯನ್ನು ಒಂದು ತಿಂಗಳೆಂದೋ ಒಂದು ವರ್ಷವೆಂದೋ ಗೊತ್ತುಮಾಡದೆ ಆರು ತಿಂಗಳೆಂದುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.